ಬಾಯಿ ಚಿಕ್ಕಪ್ಪನದು, ದನಿ ನಿಮ್ಮದು: 1988ರ ನಿಷೇಧವನ್ನು ಮನೆಯಲ್ಲೇ ಡಬ್ ಮಾಡಿ ನೋಡಿ

ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಹುಡುಗ ಹುಡುಗಿಯರಿಗೆ ಡಬ್ಬಿಂಗ್ ಹೇಳಿಕೊಡುತ್ತೇನೆ. ಮೂರನೇ ವಾರ ಸಿನಿಮಾ ತುಣುಕನ್ನು ಪಕ್ಕಕ್ಕಿಟ್ಟು ಬ್ರಿಟನ್ನಿನ ಒಂದು ಹಳೇ ಆದೇಶವನ್ನು ಎತ್ತಿಕೊಳ್ಳುತ್ತೇನೆ. ಅದನ್ನು ಪಾಠ ಮಾಡುವುದಿಲ್ಲ, ಮಾಡಿಸುತ್ತೇನೆ. ನೀವೂ ಮಾಡಬಹುದು. ಒಂದು ಫೋನು, ಒಂದು ಇಯರ್‌ಫೋನು, ತಲೆ ಮೇಲೆ ಹೊದ್ದುಕೊಳ್ಳಲು ದಪ್ಪ ರಗ್ಗು, ನಲವತ್ತು ಸೆಕೆಂಡು ಮಾತಾಡಲು ಒಪ್ಪುವ ಒಬ್ಬ ಹಿರಿಯರು. ಇಷ್ಟು ಸಾಕು.

ಮೊದಲು ಹಿನ್ನೆಲೆ. 1988ರ ಅಕ್ಟೋಬರ್ 19ರಂದು ಗೃಹ ಸಚಿವ ಡಗ್ಲಸ್ ಹರ್ಡ್ ಒಂದು ಆದೇಶ ಹೊರಡಿಸಿದರು. ಉತ್ತರ ಐರ್ಲೆಂಡಿನ 11 ಸಂಘಟನೆಗಳ ಪರವಾಗಿ ಯಾರಾದರೂ ಮಾತಾಡಿದರೆ ಆ ದನಿ ಟಿವಿ, ರೇಡಿಯೋದಲ್ಲಿ ಕೇಳಿಸಬಾರದು. ಪಟ್ಟಿಯಲ್ಲಿ ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸಲು ಬಂದೂಕು ಹಿಡಿದ ಐಆರ್‌ಎ ಇತ್ತು, ಬ್ರಿಟನ್ನಿನಲ್ಲೇ ಉಳಿಯಬೇಕು ಅಂತ ಬಂದೂಕು ಹಿಡಿದ ಎದುರು ಪಾಳಯದ ಯುವಿಎಫ್ ಇತ್ತು. ಇವು ಮೊದಲೇ ನಿಷೇಧವಾಗಿದ್ದವು, ಸರಿ. ಆದರೆ ಐಆರ್‌ಎ ಜೊತೆ ನಂಟಿದ್ದ ಶಿನ್ ಫೇನ್ ಕೂಡ ಇತ್ತು. ಅದು ಚುನಾವಣೆಗೆ ನಿಲ್ಲುತ್ತಿದ್ದ, ಕಾನೂನು ಒಪ್ಪಿದ ಪಕ್ಷ. ಅದರ ಅಧ್ಯಕ್ಷ ಜೆರಿ ಆಡಮ್ಸ್ ಆಗ ಪಶ್ಚಿಮ ಬೆಲ್‌ಫಾಸ್ಟಿನಿಂದ ಗೆದ್ದ ಸಂಸದ. ಪ್ರಚಾರವೇ ಭಯೋತ್ಪಾದಕರ ಆಮ್ಲಜನಕ, ಅದನ್ನು ಕಟ್ ಮಾಡಬೇಕು ಅಂತ ಪ್ರಧಾನಿ ಥ್ಯಾಚರ್ 1985ರಲ್ಲೇ ಹೇಳಿದ್ದರು.

ಆದರೆ ಆದೇಶ ತಡೆದದ್ದು ದನಿಯನ್ನು ಮಾತ್ರ. ಮುಖ ತೋರಿಸಬಹುದಿತ್ತು. ಆಡಿದ ಮಾತನ್ನು ಅಕ್ಷರದಲ್ಲಿ ಹಾಕಬಹುದಿತ್ತು, ಬೇರೆಯವರಿಂದ ಓದಿಸಲೂಬಹುದಿತ್ತು. ಟಿವಿಯವರು ನಟರನ್ನು ಕರೆಸಿದರು. ಸ್ಟೀಫನ್ ರೇ ಅಂಥ ನಟರಲ್ಲಿ ಒಬ್ಬರು. (ನಮ್ಮ ಕಡೆ ದಶಕಗಟ್ಟಲೆ ಡಬ್ಬಿಂಗ್ ಬೇಡ ಅಂದದ್ದು ಸರ್ಕಾರವಲ್ಲ, ಚಿತ್ರರಂಗವೇ. ಅಲ್ಲಿ ಸರ್ಕಾರದ ಆದೇಶದಿಂದಲೇ ಡಬ್ಬಿಂಗ್‌ನವರಿಗೆ ಕೆಲಸ ಸಿಕ್ಕಿತು!)

ಈಗ ಕೆಲಸಕ್ಕೆ ಬನ್ನಿ. ನಾನು ಬಳಸುವುದು ಹುಣಸೂರು ಕಡೆಯ ನಮ್ಮ ಚಿಕ್ಕಪ್ಪನ ವಿಡಿಯೋ. ಅವರು ಊರಿನ ಹಾಲಿನ ಸಂಘದ ಅಧ್ಯಕ್ಷರು. ಕೊಟ್ಟಿಗೆ ಮುಂದೆ ನಿಂತು ಮೊದಲು ತಮ್ಮ ಹಸುವಿನ ಕಾಲು ನೋವಿನ ವಿಚಾರ ಹೇಳುತ್ತಾರೆ. ಆಮೇಲೆ ದನಿ ಏರಿಸಿ, "ಲೀಟರಿಗೆ ಮೂರು ರೂಪಾಯಿ ಕಮ್ಮಿ ಕೊಟ್ರೆ ನಾವು ಹಾಲು ಹಾಕಲ್ಲ" ಅನ್ನುತ್ತಾರೆ. ಅವರ ಸಂಘ ಆ ಪಟ್ಟಿಯಲ್ಲಿದೆ ಅಂತ ಸುಮ್ನೆ ಅಂದುಕೊಳ್ಳಿ.

ಮೊದಲ ಕೆಲಸ ಕತ್ತರಿಯದು, ಮತ್ತು ಇದೇ ಕಷ್ಟದ್ದು. ತನ್ನ ಪಾಡಿಗೆ ಮಾತಾಡಿದರೆ ದನಿ ಇರಬಹುದು, ಸಂಘದ ಪರವಾಗಿ ಆಡಿದರೆ ಇರಬಾರದು. ಹಸುವಿನ ಕಾಲು ಉಳಿಯಿತು. ಮೂರು ರೂಪಾಯಿ ಹೋಯಿತು. ನಡುವೆ ಅವರು "ಮೇವಿನ ರೇಟು ನೋಡಿ" ಅನ್ನುತ್ತಾರಲ್ಲ, ಅದನ್ನು ಹೇಳಿದ್ದು ಹಸು ಸಾಕಿದವರೋ, ಅಧ್ಯಕ್ಷರೋ? ತರಗತಿ ಇಲ್ಲಿ ಯಾವಾಗಲೂ ಎರಡು ಭಾಗ ಆಗುತ್ತದೆ. 1990ರಲ್ಲಿ ಉತ್ತರ ಐರ್ಲೆಂಡಿನ ಮೇಜ್ ಜೈಲಿನೊಳಗೆ ಚಿತ್ರ ತೆಗೆದ ಬಿಬಿಸಿಯವರಿಗೂ ಇದೇ ಗೋಳು. ಕೈದಿಗಳು ತಮ್ಮ ಸ್ವಂತ ಅನಿಸಿಕೆ ಹೇಳಿದಾಗ ಅವರದೇ ದನಿ ಕೇಳಿಸಿತು. ಐಆರ್‌ಎ ಕೈದಿಗಳ ಪರವಾಗಿ ಊಟದ ವಿಚಾರ ಮಾತಾಡುವವನೊಬ್ಬನಿದ್ದ. ಅವನು ಸಾಸೇಜ್ ರೋಲ್ ಚಿಕ್ಕದಾಗಿದೆ ಅಂತ ಜೈಲಿನವರಿಗೆ ದೂರಿದ. ಅವನದಕ್ಕೆ ಬೇರೆ ದನಿ ಹಾಕಬೇಕಾಯಿತು! ನಮಗೆ ನಗು ಬರುತ್ತದೆ. ಎಡಿಟಿಂಗ್ ಟೇಬಲ್ ಮುಂದೆ ಕೂತವರಿಗೆ ಬಂದಿರಲಾರದು.

ಕತ್ತರಿಸಿದ ಮೇಲೆ ಮಾತನ್ನು ಕೇಳಿ ಕೇಳಿ ಬರೆದುಕೊಳ್ಳಿ. ಇದ್ದದ್ದು ಇದ್ದ ಹಾಗೆ. ಒಬ್ಬ ಹುಡುಗ "ಕಮ್ಮಿ"ಯನ್ನು ತಿದ್ದಿ "ಕಡಿಮೆ" ಅಂತ ಬರೆದುಕೊಂಡಿದ್ದ. ಓದಿದಾಗ ಎಡವಟ್ಟಾಯಿತು. ಯಾಕೆ ಅಂತ ಕನ್ನಡಿ ಮುಂದೆ ನಿಂತು ನೋಡಿ. "ಮೂರು ರೂಪಾಯಿ ಕಮ್ಮಿ" ಅನ್ನುವಾಗ ತುಟಿ ಮೂರು ಸಲ ಮುಚ್ಚುತ್ತದೆ: ಮೂ, ಪಾ, ಮ್ಮಿ. "ಕಡಿಮೆ" ಅಂದರೆ ಕೊನೆಯದು ತಡವಾಗುತ್ತದೆ. ಚಿಕ್ಕಪ್ಪನ ತುಟಿ ಆಗಲೇ ಮುಚ್ಚಿ ತೆರೆದಿರುತ್ತದೆ, ಹುಡುಗನ ದನಿ ಇನ್ನೂ "ಡಿ"ಯಲ್ಲೇ ಇರುತ್ತದೆ. ಪ, ಬ, ಮ ತಪ್ಪಿದರೆ ನೋಡುವವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಉಳಿದ ಅಕ್ಷರ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಸಿನಿಮಾ ಡಬ್ಬಿಂಗ್‌ನಲ್ಲಿ ಭಾಷೆ ಬೇರೆ, ತುಟಿ ಬೇರೆ, ಹಾಗಾಗಿ ಒದ್ದಾಟ. ಬೆಲ್‌ಫಾಸ್ಟಿನ ನಟರಿಗೆ ಅದೇ ಭಾಷೆ, ಅದೇ ಪದ. ಅದಕ್ಕೇ ಬರಬರುತ್ತಾ ಅಷ್ಟು ಚೆನ್ನಾಗಿ ಕೂರಿಸಿದರು.

ಮೂಲ ದನಿಯನ್ನು ಮ್ಯೂಟ್ ಮಾಡಿ. ರಗ್ಗಿನೊಳಗೆ ಕೂತು ಎರಡು ಟೇಕ್ ಮಾಡಿ. ಒಂದು ವಾರ್ತೆ ಓದುವ ಹಾಗೆ ಸಪ್ಪೆಯಾಗಿ. ಇನ್ನೊಂದು ಚಿಕ್ಕಪ್ಪನ ಸಿಟ್ಟನ್ನೂ ಸೇರಿಸಿ. ಎರಡೂ ಆದೇಶಕ್ಕೆ ಒಪ್ಪುತ್ತವೆ. ನನ್ನ ಕೇಳಿದರೆ ಎರಡನೆಯದೇ ನಿಜಕ್ಕೆ ಹತ್ತಿರ. ಆದರೆ ನಟ ಜಾಸ್ತಿ ಜೋರು ಮಾಡಿದರೆ ಚಿಕ್ಕಪ್ಪ ಇದ್ದದ್ದಕ್ಕಿಂತ ದೊಡ್ಡ ಭಾಷಣಕಾರ ಆಗಿಬಿಡುತ್ತಾರೆ. ಪರದೆ ಮೇಲೆ "ಮಾತು ಅವರದು, ದನಿ ಬೇರೆಯವರದು" ಅಂತ ಹಾಕುವುದನ್ನು ಮರೆಯಬೇಡಿ.

ಈಗ ಚಿಕ್ಕಪ್ಪ ಚುನಾವಣೆಗೆ ನಿಂತರು ಅಂದುಕೊಳ್ಳಿ. ಮತ ಕೇಳುವ ಮಾತಿಗೆ ಆದೇಶದಲ್ಲಿ ವಿನಾಯಿತಿ ಇತ್ತು, ಸಂಸತ್ತಿನಲ್ಲಿ ಆಡಿದ್ದಕ್ಕೂ ಇತ್ತು. ಹಾಗಾಗಿ ಪ್ರಚಾರ ಮುಗಿಯುವವರೆಗೆ ಅವರದೇ ದನಿ ಹಾಕಿ. ಮುಗಿದ ಮೇಲೆ ಮತ್ತೆ ರಗ್ಗು.

ಕೊನೆಗೆ ಇನ್ನೊಂದು ಪ್ರತಿ ಮಾಡಿ, ಪಕ್ಕದ ಸ್ವತಂತ್ರ ದೇಶ ಐರ್ಲೆಂಡಿನದು. ಅಲ್ಲಿ ಪ್ರಸಾರ ಕಾಯ್ದೆಯ 31ನೇ ಸೆಕ್ಷನ್ ಇತ್ತು. ಶಿನ್ ಫೇನ್‌ನವರ ಸಂದರ್ಶನವೇ ಇಲ್ಲ, ನಟನೂ ಇಲ್ಲ. ಒಬ್ಬ ಮುಷ್ಕರದ ಮುಂದಾಳು ಕಾರ್ಖಾನೆ ವಿಚಾರ ಮಾತಾಡಬೇಕಿತ್ತು. ಶಿನ್ ಫೇನ್ ಸದಸ್ಯ ಅಂತ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ ಅವನನ್ನು ಮಾತಾಡಲು ಬಿಡಲಿಲ್ಲ. ಅದು ಮಿತಿಮೀರಿದ್ದು ಅಂತ 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇದನ್ನು ಮಾಡುವುದು ಸುಲಭ: ಹಸುವಿನ ಕಾಲು ಸಮೇತ ಎಲ್ಲವನ್ನೂ ಅಳಿಸಿ.

ಐರ್ಲೆಂಡಿನ ನಿಷೇಧ 1994ರ ಜನವರಿಯಲ್ಲಿ ಹೋಯಿತು, ಬ್ರಿಟನ್ನಿನದು ಅದೇ ವರ್ಷ ಸೆಪ್ಟೆಂಬರ್ 16ಕ್ಕೆ. ತರಗತಿಯಲ್ಲಿ ಮೂಲ ವಿಡಿಯೋವನ್ನು ನಾನು ಕಟ್ಟಕಡೆಗೆ ಹಾಕುತ್ತೇನೆ. ಅಷ್ಟು ಹೊತ್ತಿಗೆ ಎಲ್ಲರ ಕಿವಿಯಲ್ಲೂ ಗಡಸು ದನಿ ಕೂತಿರುತ್ತದೆ. ಚಿಕ್ಕಪ್ಪನದು ಕೀರಲು ದನಿ, ನಡುವೆ ಎರಡು ಸಲ ಕೆಮ್ಮು. ಹೋದ ಸಲ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸಾರ್, ಇವ್ರೇನಾ ಅವ್ರು?"