ನಂಬಿಕೆಯಿಲ್ಲದೆ ಮನೆಯ ಕಾರ್ಯಗಳಲ್ಲಿ ನಿಂತದ್ದು: ನನ್ನ ಅನುಭವ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ದೇವರ ಮೇಲಿನ ನಂಬಿಕೆ ಹೋಗಿ ಇಪ್ಪತ್ತು ವರ್ಷಗಳಾದವು. ಮೊದಲ ಕೆಲವು ವರ್ಷ ಬಂಧುಗಳ ಮನೆಯ ಕಾರ್ಯಗಳಿಗೆ ಹೋಗದೆ ಜ್ವರ, ಉತ್ತರ ಪತ್ರಿಕೆ, ತರಬೇತಿ ಎಂದು ನೆಪ ಹೇಳುತ್ತಿದ್ದೆ. ನಂಬದೆ ಕೈಮುಗಿದರೆ ಸುಳ್ಳಾಗುತ್ತದೆಂದು ಹೆದರಿ, ಅದಕ್ಕಿಂತ ದೊಡ್ಡ ಸುಳ್ಳನ್ನು ಸಲೀಸಾಗಿ ಆಡುತ್ತಿದ್ದೆ.

ಅದು ನಿಂತದ್ದು ಅಪ್ಪ ತೀರಿಕೊಂಡಾಗ. ನಮ್ಮದು ಲಿಂಗಾಯತ ಮನೆತನವಾದ್ದರಿಂದ ಸುಡುವ ಪದ್ಧತಿಯಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅಪ್ಪನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ರಾತ್ರಿಯಿಡೀ ಭಜನೆ ನಡೆಯಿತು. ಬೆಳಿಗ್ಗೆ ವಿಮಾನವೆನ್ನುವ ಅಲಂಕರಿಸಿದ ಚಟ್ಟದಲ್ಲಿ ಕೂರಿಸಿ ಹೊಲಕ್ಕೆ ಒಯ್ದು, ಗುಣಿಗೆ ಇಳಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆಯನ್ನು ಸುತ್ತಲೂ ತುಂಬಿದರು. ಅಯ್ಯನವರು ಮಕ್ಕಳನ್ನು ಕರೆದಾಗ ನಾನು ಹಿಂದೆ ಸರಿದೆ. ದೊಡ್ಡಪ್ಪ ನನ್ನ ತೋಳು ಹಿಡಿದು, "ಬಾರವ್ವ, ನಿಮ್ಮಪ್ಪಗೆ ನೀನು ಮಣ್ಣು ಕೊಡಬೇಕು" ಎಂದರು. ಕೊಟ್ಟೆ. ಅಪ್ಪ ಲಿಂಗೈಕ್ಯನಾದನೆಂದು ಸುತ್ತಲಿನವರು ನಂಬಿದ್ದರು, ನಾನು ನಂಬಿರಲಿಲ್ಲ. ಆದರೆ ಆ ಮೂರು ಹಿಡಿ ಮಣ್ಣು ಅವರದೆಷ್ಟೋ ನನ್ನದೂ ಅಷ್ಟೇ ಆಗಿತ್ತು. ಅಂದು ಹಿಂದೆಯೇ ನಿಂತಿದ್ದರೆ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿರಲಿಲ್ಲ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮಾತ್ರ ಬೇರೆಯದೇ ತೊಡಕಿತ್ತು. ಪಾದಪೂಜೆಯ ಬಳಿಕ ಮನೆಯವರೆಲ್ಲ ಪಾದೋದಕ ಸ್ವೀಕರಿಸಬೇಕು. ಅದನ್ನು ಪವಿತ್ರವೆಂದು ಭಾವಿಸುವವರ ಸಾಲಿನಲ್ಲಿ ನಿಂತು ಬರಿಯ ನೀರೆಂದು ಕುಡಿಯುವುದು ಅವರಿಗೆ ಮಾಡುವ ಅವಮಾನವೆಂದು ನನಗೆ ಅನ್ನಿಸಿತು. ಹಿಂದಿನ ಸಂಜೆಯೇ ಅಯ್ಯನವರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಬಿಡ್ರಿ, ನೀವು ಪಂಕ್ತಿಗೆ ಬಡಿಸೋಕೆ ನಿಲ್ರಿ" ಎಂದರು. ಮರುದಿನ ಬೆಳಗಿನಿಂದ ಸಂಜೆಯವರೆಗೆ ಬಡಿಸಿದೆ. ನಾನೆಲ್ಲಿ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರ ಎಲೆಯ ಮುಂದೆಯೂ ನಾನಿದ್ದೆ. ಆಮೇಲಿನ ಎಲ್ಲ ಕಾರ್ಯಗಳಲ್ಲಿಯೂ ಇದನ್ನೇ ಪಾಲಿಸಿದ್ದೇನೆ: ಹೇಳಬೇಕಾದದ್ದನ್ನು ಮುಂಚಿನ ದಿನವೇ, ಹೇಳಬೇಕಾದ ಒಬ್ಬರಿಗೆ ಹೇಳಿ, ಕಾರ್ಯದ ದಿನ ಕೈತುಂಬ ಕೆಲಸ ಹಿಡಿಯುವುದು.

ತಮ್ಮನ ಮನೆಯ ಗೃಹಪ್ರವೇಶದಲ್ಲಿ, ಮನೆಗೆ ನಾನೂ ಹಣ ಹಾಕಿದ್ದರಿಂದ, ಸಂಕಲ್ಪಕ್ಕೆ ಜೊತೆಯಲ್ಲಿ ಕೂರಲು ಕರೆದರು. ನಾನು ಕೂರಲಿಲ್ಲ. ಬೇರೆಯವರ ಪೂಜೆಯ ಹೊತ್ತಿನಲ್ಲಿ ಎದ್ದು ನಿಲ್ಲುವುದು, ಆರತಿಯ ತಟ್ಟೆಯನ್ನು ಮುಂದಿನವರಿಗೆ ದಾಟಿಸುವುದು, ಪ್ರಸಾದವೆಂದು ಕೊಟ್ಟದ್ದನ್ನು ಎರಡೂ ಕೈಯಲ್ಲಿ ಪಡೆದು ತಿನ್ನುವುದು, ಇವುಗಳಲ್ಲಿ ನನಗೆ ಅಳುಕಿಲ್ಲ. ಸಂಕಲ್ಪವಾದರೋ ನನ್ನ ಹೆಸರು ಹೇಳಿಕೊಂಡು ನಾನೇ ಇದನ್ನು ಮಾಡುತ್ತೇನೆಂದು ಆಡುವ ಮಾತು. ಉಳಿದದ್ದೆಲ್ಲ ಜೊತೆಗಿರುವುದು, ಇದು ಸಾಕ್ಷಿ ಹೇಳುವುದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವಕ್ಕೆ ಅವ್ವನನ್ನು ಪ್ರತಿ ವರ್ಷ ಕರೆದೊಯ್ಯುತ್ತೇನೆ. ಅಲ್ಲಿ ಭಕ್ತರು ಹರಕೆಯ ಕೊಬ್ಬರಿಯನ್ನು ಬೆಂಕಿಗೆ ಹಾಕಿ ಸುಡುತ್ತಾರೆ. ಅವ್ವ ಹಾಕುತ್ತಾಳೆ, ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ. ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಗುರುವೆಂದು, 'ಮಾಡಿದಷ್ಟು ನೀಡು ಭಿಕ್ಷೆ' ಎಂದ ಕಾಯಕಯೋಗಿಯೆಂದು ಜನ ಅವರನ್ನು ನೆನೆಯುವಾಗ ನನ್ನ ಮನಸ್ಸೂ ಬಾಗುತ್ತದೆ, ಅದಕ್ಕೆ ಪವಾಡ ಬೇಕಾಗಿಲ್ಲ. ವಿಜ್ಞಾನ ಶಿಕ್ಷಕಿ ಜಾತ್ರೆಗೆ ಹೋಗಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ವೈಜ್ಞಾನಿಕ ಮನೋಭಾವ ಬೆಳೆಸುವುದು 1976ರ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಗೆ ಸೇರಿದ ಮೂಲಭೂತ ಕರ್ತವ್ಯ. ಅದನ್ನು ತರಗತಿಯಲ್ಲಿ ಮನಸಾರೆ ನಡೆಸುತ್ತೇನೆ. 25ನೆಯ ವಿಧಿ ಕೊಟ್ಟ ಆತ್ಮಸಾಕ್ಷಿಯ ಸ್ವಾತಂತ್ರ್ಯ ನನಗಿರುವಷ್ಟೇ ಅವ್ವನಿಗೂ ಇದೆ, ಮತ್ತು ಎಪ್ಪತ್ತು ದಾಟಿದ ಅವ್ವ ಆ ಜನಸಾಗರದಲ್ಲಿ ಒಬ್ಬಳೇ ಹೋಗಲಾರಳು.

ಆದರೆ ಒಂದು ವಿಷಯದಲ್ಲಿ ನಾನು ಬಹಳ ತಡ ಮಾಡಿದೆ. ಅಪ್ಪ ಹೋದ ಮೇಲೆ ಅವ್ವನನ್ನು ಉಡಿ ತುಂಬುವಾಗ ಕರೆಯುತ್ತಿರಲಿಲ್ಲ. ಎರಡು ಕಾರ್ಯಗಳಲ್ಲಿ ಅವಳು ಬಾಗಿಲ ಬಳಿ ಕುಳಿತು ನೋಡುತ್ತಿದ್ದಾಗ, ನಂಬದವಳು ನಾನು, ಪದ್ಧತಿಯಲ್ಲಿ ಬಾಯಿ ಹಾಕಬಾರದೆಂದುಕೊಂಡು ನಾನೂ ತಟ್ಟೆ ಹಿಡಿದು ಉಡಿ ತುಂಬಿದೆ. ಅದು ತಪ್ಪು. ಅಕ್ಕನ ಸೊಸೆಯ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಒಂದು ವಾರ ಮೊದಲೇ ಅಕ್ಕನಿಗೆ ಫೋನ್ ಮಾಡಿ, ಅವ್ವ ತುಂಬದ ಉಡಿಯನ್ನು ನಾನು ತುಂಬುವುದಿಲ್ಲವೆಂದೆ. "ಬೀಗರು ಏನಂತಾರೆ?" ಎಂದು ಅಕ್ಕ ಎರಡು ದಿನ ಕಳವಳಪಟ್ಟಳು. ಕೊನೆಗೆ ದಾರಿ ಮಾಡಿದವಳು ಬಸುರಿ ಹುಡುಗಿಯೇ. ಬೀಗರ ಎದುರಿನಲ್ಲಿಯೇ, "ಮೊದಲು ಅಜ್ಜಿ ತುಂಬಲಿ" ಎಂದಳು.

ಅವ್ವ ಎದ್ದು ಬಂದು, ನಡುಗುವ ಕೈಯಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿ, ಕಣ್ಣು ಮುಚ್ಚಿ ತಿಪ್ಪೇರುದ್ರಸ್ವಾಮಿಯನ್ನು ನೆನೆದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿದಳು.