ಪ್ರನಾಳ ಹಿಡಿದ ಕೈಯಲ್ಲೇ ಸೀಟಿ: ಹೈಸ್ಕೂಲ್ ಮೇಷ್ಟ್ರ ನೆನಪಿಗೆ ಒಂದು ದಿನ ನಡೆಸುವ ಬಗೆ

ಬೆಳಿಗ್ಗೆ ವಿಜ್ಞಾನ ಪಾಠ ಮಾಡಿ, ಸಂಜೆ ಮೈದಾನಕ್ಕಿಳಿದು ಕಬಡ್ಡಿ ಟೀಮು ಕಟ್ಟುತ್ತಿದ್ದ ಮೇಷ್ಟ್ರುಗಳು ಮಂಡ್ಯ, ಮೈಸೂರು ಕಡೆಯ ಹೈಸ್ಕೂಲುಗಳಲ್ಲಿ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅಂಥವರ ನೆನಪಿಗೆ ಏನಾದರೂ ಮಾಡೋಣ ಎಂದು ಹಳೇ ವಿದ್ಯಾರ್ಥಿಗಳು ಸೇರಿದರೆ ಮೊದಲು ಎದ್ದೇಳುವುದು ಫ್ಲೆಕ್ಸಿನ ಮಾತು, ಅದರ ಹಿಂದೆಯೇ ಶಾಲು, ಹಾರ, ಫಲತಾಂಬೂಲ. ಅವೂ ಇರಲಿ, ಆದರೆ ಆ ದಿನ ಶಾಲೆಯ ಮಕ್ಕಳು ಆಡಬೇಕು, ಕೈಯಾರೆ ಪ್ರಯೋಗ ಮಾಡಬೇಕು. ಎಂಟು ಶಾಲೆಗಳ ಕಬಡ್ಡಿ ಪಂದ್ಯಾವಳಿಯನ್ನೂ ನಾಲ್ಕು ಪ್ರಯೋಗದ ಮೇಜುಗಳನ್ನೂ ಒಂದೇ ದಿನದಲ್ಲಿ ಮುಗಿಸುವ ಲೆಕ್ಕ ಇಲ್ಲಿದೆ.

ಮೊದಲ ಕೆಲಸ ಮೇಷ್ಟ್ರ ಮನೆಗೆ ಹೋಗುವುದು. ಅವರು ತೀರಿಕೊಂಡಿದ್ದರೆ ಮನೆಯವರ ಒಪ್ಪಿಗೆ ಬೇಕು. ಯಾವ ಫೋಟೋ ಇಡಬೇಕು, ವರ್ಷದ ತಿಥಿಗೆ ಅಡ್ಡ ಬರುತ್ತದೆಯೇ, ವೇದಿಕೆಗೆ ಯಾರು ಬರುತ್ತಾರೆ ಎಂಬುದನ್ನು ಅವರೇ ಹೇಳಲಿ. ಬದುಕಿದ್ದರೆ ಅವರನ್ನೇ ಕೇಳಿ, ಆದರೆ ಫೋಟೋ ಹಾಕಿದ ಬ್ಯಾನರಿಗೆ ಹಾರ ಹಾಕಬೇಡಿ. ಉತ್ಸಾಹದಲ್ಲಿ ಯಾರೋ ಒಬ್ಬರು ಹಾಕಿಬಿಡುತ್ತಾರೆ, ಆಮೇಲೆ ಮನೆಯವರ ಮುಖ ನೋಡುವುದಕ್ಕಾಗುವುದಿಲ್ಲ.

ದಿನ ಗೊತ್ತುಮಾಡುವಾಗ ಸೆಪ್ಟೆಂಬರ್ 5 ತಾನಾಗಿಯೇ ನೆನಪಾಗುತ್ತದೆ. ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರಾದ್ದರಿಂದ ಈ ಕಡೆಯವರಿಗೆ ಆ ದಿನದ ಮೇಲೆ ಅಭಿಮಾನ ಒಂದು ತೂಕ ಹೆಚ್ಚು. ಆದರೆ ಅವತ್ತು ಶಾಲೆಗೆ ತನ್ನದೇ ಕಾರ್ಯಕ್ರಮ ಇರುತ್ತದೆ, ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಮಳೆಯೂ ಜೋರು. ಕ್ರೀಡಾ ದಿನ ಆಗಸ್ಟ್ 29ಕ್ಕೆ ಬರುತ್ತದೆ, ಇಲಾಖೆಯ ಕ್ರೀಡಾಕೂಟಗಳ ಗಡಿಬಿಡಿಯೂ ಆಗಲೇ. ವಿಜ್ಞಾನ ದಿನವಾದ ಫೆಬ್ರವರಿ 28ರ ಹೊತ್ತಿಗೆ ಹತ್ತನೇ ತರಗತಿಯವರು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊಸ್ತಿಲಲ್ಲಿ ಇರುತ್ತಾರೆ. ಒಣಗಿದ ನೆಲ, ಹಿತವಾದ ಬಿಸಿಲು, ಪರೀಕ್ಷೆ ಇನ್ನೂ ದೂರ: ಡಿಸೆಂಬರಿನ ಒಂದು ಶನಿವಾರ ಎಲ್ಲಕ್ಕಿಂತ ವಾಸಿ. ಎರಡು ತಿಂಗಳು ಮುಂಚೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಬರವಣಿಗೆಯಲ್ಲಿ ಪತ್ರ ಕೊಟ್ಟು, ಸ್ವೀಕೃತಿಯ ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬೇರೆ ಶಾಲೆಯ ಮಕ್ಕಳು ಬರುವುದರಿಂದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೂ ಒಂದು ಪ್ರತಿ ಹೋಗಲಿ.

ಈಗ ಪಂದ್ಯಗಳ ಲೆಕ್ಕ. ಎಂಟು ಟೀಮು ಇಟ್ಟುಕೊಂಡು ಸೋತವರು ಹೊರಗೆ ಎಂದರೆ ಒಟ್ಟು 7 ಪಂದ್ಯ. ಇದರಲ್ಲೊಂದು ಅನ್ಯಾಯವಿದೆ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ ಬಂದ ಮಕ್ಕಳು ಅರ್ಧ ಗಂಟೆ ಆಡಿ ವಾಪಸು ಹೋಗಬೇಕಾಗುತ್ತದೆ. ಅದಕ್ಕೆ ಮೊದಲ ಸುತ್ತಿನಲ್ಲಿ ಸೋತ ನಾಲ್ಕು ಟೀಮುಗಳಿಗೆ ಬೇರೆಯೇ ಒಂದು ಕಪ್ ಇಡಿ. ಅವರಿಗೆ ಇನ್ನು 3 ಪಂದ್ಯ, ಒಟ್ಟು 10. ಪ್ರತಿ ಟೀಮೂ ಕನಿಷ್ಠ ಎರಡು ಸಲ ಆಡಿದ ಹಾಗಾಯಿತು. 15-5-15 ನಿಮಿಷ, ಅಂದರೆ ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು ಕೊಟ್ಟು ಆಡಿಸಿದರೆ ಪಂದ್ಯಕ್ಕೆ 50 ನಿಮಿಷ ಹಿಡಿಯುತ್ತದೆ, ಹತ್ತು ಪಂದ್ಯಕ್ಕೆ ಎಂಟು ಗಂಟೆ ದಾಟುತ್ತದೆ. 10-3-10ಕ್ಕೆ ಇಳಿಸಿ, ಮಧ್ಯದ ಓಡಾಟ ಸೇರಿ 35 ನಿಮಿಷ ಇಟ್ಟುಕೊಂಡರೆ ಸುಮಾರು ಆರು ಗಂಟೆಯಲ್ಲಿ ಮುಗಿಯುತ್ತದೆ. ಫೈನಲ್ ಮಾತ್ರ ಪೂರ್ತಿ ಅವಧಿ ಆಡಿಸಿ. ಸ್ಕೋರು ಸಮವಾದರೆ ತಲಾ 5 ರೈಡ್ ಎಂಬುದನ್ನು ಟೀಮುಗಳಿಗೆ ಮೊದಲೇ ಬರೆದು ಕೊಡಿ. ಜಗಳ ಹುಟ್ಟುವುದೇ ಅಲ್ಲಿ.

ಅಂಕಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಹುಡುಗಿಯರ ಅಳತೆಯಾದ 12 ಮೀಟರ್ ಉದ್ದ, 8 ಮೀಟರ್ ಅಗಲವನ್ನೇ ಈ ದಿನಕ್ಕೆ ಇಟ್ಟುಕೊಳ್ಳಿ. ಆ ಅಗಲದೊಳಗೇ ಎರಡೂ ಬದಿಗೆ ಒಂದೊಂದು ಮೀಟರ್ ಲಾಬಿ. ನಡುಗೆರೆಯಿಂದ 3 ಮೀಟರಿಗೆ ರೈಡರ್ ದಾಟಲೇಬೇಕಾದ ಬಾಕ್ ಗೆರೆ, ಅಲ್ಲಿಂದ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಹಳೇ ವಿದ್ಯಾರ್ಥಿಗಳೂ ಒಂದು ಪ್ರದರ್ಶನ ಪಂದ್ಯ ಆಡುವುದಾದರೆ ದೊಡ್ಡವರ ಅಳತೆ 13ಕ್ಕೆ 10, ಬಾಕ್ ಗೆರೆ 3.75 ಮೀಟರಿಗೆ. (ನಲವತ್ತು ದಾಟಿದವರು ಚಿಕ್ಕ ಅಂಕಣದಲ್ಲೇ ಆಡಿದರೆ ಮಂಡಿಗೆ ಕ್ಷೇಮ.) ಕಣ್ಣಳತೆಯಲ್ಲಿ ಗೆರೆ ಎಳೆದರೆ ಅಂಕಣ ಸೊಟ್ಟಗಾಗುತ್ತದೆ. ಒಂದು ಮೂಲೆಯಿಂದ ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಗುರುತು ಹಾಕಿ, ಎರಡು ಗುರುತಿನ ನಡುವೆ ಹಗ್ಗ ಸರಿಯಾಗಿ 5 ಮೀಟರ್ ಬಂದರೆ ಮೂಲೆ ನೇರ. ಕೊನೆಗೆ ಎರಡೂ ಕರ್ಣ ಅಳೆಯಿರಿ: 12ಕ್ಕೆ 8ರ ಅಂಕಣದಲ್ಲಿ ಎರಡೂ 14.42 ಮೀಟರ್ ಇರಬೇಕು. ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಟೇಪು ಕೊಟ್ಟು ಈ ಕೆಲಸ ಮಾಡಿಸಿ, ಪೈಥಾಗೊರಸ್ ಕಪ್ಪು ಹಲಗೆಯಿಂದ ಇಳಿದು ಬಯಲಿಗೆ ಬರಲಿ.

ನೆಲವನ್ನು ಒಂದು ವಾರ ಮುಂಚೆಯೇ ಅರ್ಧ ಅಡಿ ಅಗೆದು, ಕಲ್ಲು ಗಾಜು ಆರಿಸಿ, ಮಣ್ಣು ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ ಹರಡಿ. ಪಂದ್ಯದ ಹಿಂದಿನ ಸಂಜೆ ನೀರು ಚಿಮುಕಿಸಬೇಕು. ಹದ ನೋಡುವುದು ಸುಲಭ: ಒಂದು ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬೇಕು. ಉಂಡೆ ಕಟ್ಟದಿದ್ದರೆ ನೀರು ಸಾಲದು, ಒಡೆಯದಿದ್ದರೆ ಹೆಚ್ಚಾಗಿದೆ, ಕಾಲು ಜಾರುತ್ತದೆ. ಬೆಳಿಗ್ಗೆ ನೀರು ಹಾಕಿದರೆ ಮೇಲೆ ಕೆಸರು, ಕೆಳಗೆ ಒಣಮಣ್ಣು ಉಳಿಯುತ್ತದೆ.

ಗೆರೆಗೆ ಸುಣ್ಣದ ಪುಡಿ ಬೇಡ. ಸುಡದೆ ಉಳಿದ ಚೂರು ಬಿಟ್ಟರೆ ಸುಟ್ಟ ಸುಣ್ಣವೆಂದರೆ ಕ್ಯಾಲ್ಸಿಯಂ ಆಕ್ಸೈಡ್. ಬೆವರು ತಾಗಿದರೆ ಬಿಸಿ ಕಾರುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಅರಳಿಸಿದ ಸುಣ್ಣವೂ ಪ್ರಬಲ ಕ್ಷಾರವೇ. ಕಬಡ್ಡಿಯಲ್ಲಿ ಮಕ್ಕಳು ಗೆರೆಯ ಮೇಲೆ ಮುಖ ಅಡಿಯಾಗಿ ಬೀಳುತ್ತಾರೆ ಎನ್ನುವುದು ನೆನಪಿರಲಿ. ಸೀಮೆಸುಣ್ಣದ ಪುಡಿ ಅಥವಾ ರಂಗೋಲಿ ಪುಡಿ ಬಳಸಿ. ಅಂಗಡಿಯವನು ಕೊಟ್ಟ ಚೀಲದಲ್ಲಿ ಏನಿದೆಯೋ ಅನುಮಾನವಿದ್ದರೆ ಚಿಟಿಕೆ ಪುಡಿಯನ್ನು ನೀರಿನಲ್ಲಿ ಕದಡಿ ಅರಿಶಿನ ಬಳಿದ ಕಾಗದದ ಮೇಲೆ ಹಾಕಿ. ತಕ್ಷಣ ಕಡುಗೆಂಪಾದರೆ ಅದು ಸುಣ್ಣ, ವಾಪಸು ಕಳಿಸಿ. ಯಾವ ಪುಡಿಯೇ ಕಣ್ಣಿಗೆ ಬಿದ್ದರೂ ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆಯುತ್ತಲೇ ಇರಬೇಕು, ಸುಣ್ಣವಾಗಿದ್ದರೆ ತೊಳೆದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಆಡುವ ಮುಂಚೆ ಉಗುರು ನೋಡಿ, ಮೈಗೆ ಎಣ್ಣೆ ಹಚ್ಚಿದ್ದರೆ ಒರೆಸಿ, ಉಂಗುರ, ಕಡಗ, ಉಡಿದಾರದ ತಾಯಿತ ತೆಗೆಸಿ. ಐಸು, ಕ್ರೇಪ್ ಬ್ಯಾಂಡೇಜ್, ನೇಲ್ ಕಟರ್ ಮೇಜಿನ ಮೇಲೇ ಇರಲಿ. ಅಂಪೈರ್ ಇಬ್ಬರು, ರೆಫರಿ ಒಬ್ಬರು, ಸ್ಕೋರ್ ಬರೆಯುವವರು ಒಬ್ಬರು, ಅವರಿಗೆ ಇಬ್ಬರು ಸಹಾಯಕರು. ಅಂಪೈರುಗಳು ಆಡುವ ಶಾಲೆಗಳವರಲ್ಲದಿದ್ದರೆ ಒಳ್ಳೆಯದು.

ಇನ್ನು ಪ್ರಯೋಗದ ಮೇಜುಗಳು. ಆಡಿ ಬಂದ ಟೀಮು ಮುಂದಿನ ಪಂದ್ಯದವರೆಗೆ ಒಂದು ಗಂಟೆಗೂ ಹೆಚ್ಚು ಸುಮ್ಮನೆ ಕೂತಿರುತ್ತದೆ, ಆ ಹೊತ್ತೇ ಇವುಗಳ ಹೊತ್ತು. ಹೊಗೆ, ಬೆಂಕಿ, ಸ್ಫೋಟದ ಪ್ರದರ್ಶನ ಬೇಡ, ಆಟಕ್ಕೆ ನಂಟಿರುವುದನ್ನೇ ಇಡಿ.

ಒಂದು ಮೇಜಿನಲ್ಲಿ ಮೂವತ್ತು ಸೆಂಟಿಮೀಟರಿನ ಸ್ಕೇಲು. ಒಬ್ಬ ಮೇಲ್ತುದಿ ಹಿಡಿದಿರುತ್ತಾನೆ, ಇನ್ನೊಬ್ಬನ ಹೆಬ್ಬೆರಳು, ತೋರುಬೆರಳು ಸೊನ್ನೆಯ ಗುರುತಿನ ಎರಡೂ ಪಕ್ಕ, ಮುಟ್ಟದಂತೆ. ಹೇಳದೆ ಬಿಡಬೇಕು, ಬೀಳುವಾಗ ಹಿಡಿಯಬೇಕು. ಹಿಡಿದ ಗುರುತು 15 ಸೆಂಟಿಮೀಟರ್ ಆದರೆ ಪ್ರತಿಕ್ರಿಯೆಯ ಕಾಲ 0.17 ಸೆಕೆಂಡು, 20 ಆದರೆ 0.20, 25 ಆದರೆ 0.23. ಐದು ಸಲದ ಸರಾಸರಿ ಬರೆಯಿರಿ. ಬಿಡುವವನು ಅರಿವಿಲ್ಲದೆ ಭುಜ ಅಲ್ಲಾಡಿಸಿ ಸುಳಿವು ಕೊಡುವುದೇ ಇಲ್ಲಿನ ದೊಡ್ಡ ತಪ್ಪು. ಎರಡನೇ ಮೇಜಿನಲ್ಲಿ ನಾಡಿ: ಮೂವತ್ತು ಸೆಕೆಂಡು, ಅಂದರೆ ಒಂದು ರೈಡಿನಷ್ಟು ಹೊತ್ತು, ಬಸ್ಕಿ ಹೊಡೆಸಿ ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, ಆಮೇಲೆ ಒಂದು, ಎರಡು, ಮೂರನೇ ನಿಮಿಷಕ್ಕೆ ಮತ್ತೆ ಎಣಿಸಿ ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ಎಣಿಕೆ ತಡವಾದರೆ ನಾಡಿ ಆಗಲೇ ಇಳಿದಿರುತ್ತದೆ. ಮೂರನೆಯದಕ್ಕೆ ಮೇಜೂ ಬೇಡ, ಗೋಡೆ ಸಾಕು. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಂತು ಮಂಡಿ ಮಡಿಸದೆ ಕಾಲ ಮುಂದಿನ ನಾಣ್ಯ ಎತ್ತಲು ಹೇಳಿ. ಆಗುವುದಿಲ್ಲ. ಬಗ್ಗಿದಾಗ ಸೊಂಟ ಹಿಂದಕ್ಕೆ ಸರಿಯಲು ಜಾಗವಿಲ್ಲ, ಗುರುತ್ವ ಕೇಂದ್ರ ಪಾದದಿಂದ ಮುಂದೆ ಹೋಗುತ್ತದೆ. ಹಿಡಿಯುವವರು ಮಂಡಿ ಬಗ್ಗಿಸಿ ಸೊಂಟ ಯಾಕೆ ಇಳಿಸುತ್ತಾರೆ ಎಂದು ಆಗ ಕೇಳಿ ನೋಡಿ. ನಾಲ್ಕನೆಯದು ಅರಿಶಿನದ ಕಾಗದ, ದಾಸವಾಳದ ರಸ, ನಿಂಬೆ, ಸೋಪಿನ ನೀರು: ಗೆರೆಯ ಪುಡಿ ನೋಡಿದ ಹಾಗೆಯೇ ಬಣ್ಣ ನೋಡಿ ಆಮ್ಲ ಯಾವುದು, ಕ್ಷಾರ ಯಾವುದು ಹೇಳಲಿ.

ಊಟ ಹಗುರಾಗಿರಲಿ. ಮುದ್ದೆ ಬಸ್ಸಾರಿನ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಹೊಟ್ಟೆ ಬಿರಿಯೆ ಉಂಡ ಹುಡುಗ ಸೆಮಿಫೈನಲ್‌ನಲ್ಲಿ ಬಗ್ಗಲಾರ. ಚಿತ್ರಾನ್ನ, ಮೊಸರನ್ನ ಸಾಕು, 150 ಜನಕ್ಕೆ 15 ಕೆಜಿ ಅಕ್ಕಿ. ಪಾನಕಕ್ಕೆ 10 ಲೀಟರ್ ನೀರಿಗೆ ಒಂದು ಕೆಜಿ ಮಂಡ್ಯ ಬೆಲ್ಲ, 12 ನಿಂಬೆಹಣ್ಣು, ಎರಡು ಚಮಚ ಉಪ್ಪು, ಏಲಕ್ಕಿ. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸುವುದನ್ನು ಮರೆಯಬೇಡಿ.

ಭಾಷಣ ಬೆಳಿಗ್ಗೆ ಇಟ್ಟರೆ ದಿನ ಕೆಟ್ಟಿತು. ಅತಿಥಿಗಳು ತಡವಾಗಿ ಬರುತ್ತಾರೆ, ಮಕ್ಕಳು ಬಿಸಿಲಲ್ಲಿ ಕಾಯುತ್ತಾರೆ, ಹತ್ತು ಪಂದ್ಯದ ಲೆಕ್ಕ ತಲೆಕೆಳಗಾಗುತ್ತದೆ. ಎಂಟೂವರೆಗೆ ಮೇಷ್ಟ್ರ ಮನೆಯವರಿಂದ ಮೊದಲ ಸೀಟಿ ಊದಿಸಿ ಆಟ ಶುರುಮಾಡಿ, ಮಾತೆಲ್ಲ ಫೈನಲ್‌ಗೆ ಮುಂಚೆ ಅರ್ಧ ಗಂಟೆಯಲ್ಲಿ ಮುಗಿಯಲಿ.

ನೆನಪಿನ ಪುಸ್ತಿಕೆ ಮಾಡುವುದಾದರೆ "ಮೇಷ್ಟ್ರ ಬಗ್ಗೆ ಬರೆದು ಕೊಡಿ" ಎಂದು ಕೇಳಬೇಡಿ, ಎಲ್ಲರೂ "ಸರಳ ಸಜ್ಜನ, ಮೃದುಭಾಷಿ" ಎಂದು ಬರೆದು ಕಳಿಸುತ್ತಾರೆ. ಯಾವ ಪ್ರಯೋಗ ಕೆಟ್ಟಿತ್ತು, ಸೋತ ದಿನ ಏನಂದರು, ಬೈಯುವಾಗ ಯಾವ ಪದ ಬಳಸುತ್ತಿದ್ದರು ಎಂದು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇಸವಿಗಳನ್ನು ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿ. ಹಳೇ ಗ್ರೂಪ್ ಫೋಟೋವನ್ನು ಮೊಬೈಲಿನಲ್ಲಿ ಕ್ಲಿಕ್ಕಿಸದೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು, 16 ಅಥವಾ 32. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಚೆದುರುತ್ತವೆ. ಕೊನೆಯ ಪಿಡಿಎಫ್ ಅನ್ನು ಕಾಗದದ ಮೇಲೆ ತೆಗೆಸಿ ಇಬ್ಬರು ಓದಬೇಕು, ಒಬ್ಬರಾದರೂ ಮೇಷ್ಟ್ರ ಮನೆಯವರಿರಲಿ.

ದುಡ್ಡು ಒಬ್ಬರ ಸ್ವಂತ ಖಾತೆಗೆ ಬರಕೂಡದು. ಇಬ್ಬರ ಸಹಿಯ ಜಂಟಿ ಖಾತೆ ತೆರೆಯಿರಿ, ಖರ್ಚಿನ ಪಟ್ಟಿಯನ್ನು ವಾರದೊಳಗೆ ಗ್ರೂಪಿಗೆ ಹಾಕಿ. ಉಳಿದದ್ದನ್ನು ದತ್ತಿ ಇಡುವುದಾದರೆ ಮೊದಲು ಗುಣಿಸಿ ನೋಡಿ: ಶೇ 6ರ ಬಡ್ಡಿಯಲ್ಲಿ 50,000 ರೂಪಾಯಿಗೆ ವರ್ಷಕ್ಕೆ 3,000 ಬರುತ್ತದೆ, ಒಬ್ಬ ಹುಡುಗಿಗೋ ಹುಡುಗನಿಗೋ ಒಂದು ಜೊತೆ ಒಳ್ಳೆಯ ಶೂ. ಲ್ಯಾಬಿಗೆ ಕೊಡುವುದಾದರೆ ವಿಜ್ಞಾನ ಶಿಕ್ಷಕರನ್ನು ಕೇಳಿ ಕೊಡಿ. ದುಬಾರಿ ಮೈಕ್ರೋಸ್ಕೋಪು ಸ್ಟಾಕ್ ರಿಜಿಸ್ಟರಿಗೆ ಹತ್ತಿದ ಮೇಲೆ ಒಡೆದರೆ ಯಾರು ಹೊಣೆ ಎಂಬ ಭಯಕ್ಕೆ ಬೀರುವಿನಲ್ಲೇ ಉಳಿಯುವುದುಂಟು. ನೂರು ಪ್ರನಾಳ, ಹತ್ತು ಸ್ಟಾಪ್‌ವಾಚ್, ಲಿಟ್ಮಸ್ ಕಾಗದದ ಕಟ್ಟುಗಳು, ಎರಡು ಸೀಟಿ ಕೊಟ್ಟರೆ ಸೋಮವಾರದಿಂದಲೇ ಮಕ್ಕಳ ಕೈಯಲ್ಲಿರುತ್ತವೆ.