ಒಂದು ಕೂದಲು, ಎರಡು ಅಳತೆ: ಬಯಾಲಜಿಯವರಿಗೆ ಫಿಸಿಕ್ಸ್ ಲ್ಯಾಬಿನ ಮೊದಲ ಪ್ರಯೋಗ

ಬಯಾಲಜಿ ಓದಲು ಬಂದವರಿಗೆ ಫಿಸಿಕ್ಸ್ ಲ್ಯಾಬ್ ಯಾಕೆ ಬೇಕು ಅಂತ ಅನಿಸುವುದು ಸಹಜ. ಆದರೆ ಮುಂದೆ ನೀವು ಜೀವಕೋಶದ ಗಾತ್ರ ಅಳೆಯಿರಿ, ರಕ್ತದೊತ್ತಡ ಅಳೆಯಿರಿ, ಬಂದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ ಹೇಳಲು ಬರಲೇಬೇಕು ಅಲ್ವಾ? ಅದನ್ನು ಕಲಿಯಲು ಒಂದು ತಲೆಗೂದಲು ಸಾಕು. ಅದರ ದಪ್ಪವನ್ನು ಎರಡು ರೀತಿಯಲ್ಲಿ ಅಳೆಯಿರಿ.

ಮೊದಲು ಸ್ಕ್ರೂ ಗೇಜ್, ಅಂದರೆ ತಿರುಪು ತಿರುಗಿಸಿ ಸಣ್ಣ ದಪ್ಪಗಳನ್ನು ಅಳೆಯುವ ಉಪಕರಣ. ಒಳಗೆ ಏನೂ ಇಡದೆ ಮುಚ್ಚಿ ನೋಡಿ. ಸೊನ್ನೆಗೆ ಸೊನ್ನೆ ಕೂಡದಿದ್ದರೆ ಆ ವ್ಯತ್ಯಾಸವೇ ಝೀರೋ ಎರರ್. ಅದನ್ನು ಆಗಲೇ ಬರೆದಿಟ್ಟುಕೊಳ್ಳಿ, ಆಮೇಲೆ ಪ್ರತಿ ರೀಡಿಂಗ್‌ನಿಂದಲೂ ಪ್ಲಸ್ ಮೈನಸ್ ಚಿಹ್ನೆ ನೋಡಿಕೊಂಡು ಕಳೆಯಬೇಕು. ಕೂದಲು ಇಟ್ಟ ಮೇಲೆ ತಿರುಪನ್ನು ನೇರವಾಗಿ ಬಿಗಿ ಮಾಡಬೇಡಿ, ತುದಿಯಲ್ಲಿರುವ ರ‍್ಯಾಚೆಟ್ ಮಾತ್ರ ತಿರುಗಿಸಿ, ಟಿಕ್ ಟಿಕ್ ಅಂದ ಕೂಡಲೇ ನಿಲ್ಲಿಸಿ, ಯಾಕೆಂದರೆ ಒತ್ತಡ ಜಾಸ್ತಿಯಾದರೆ ಕೂದಲು ಚಪ್ಪಟೆಯಾಗಿ ಅಳತೆ ಕಡಿಮೆ ಬರುತ್ತದೆ. ಕೂದಲು ಪೂರ್ತಿ ದುಂಡಗೂ ಇರುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪ ತಿರುಗಿಸಿ, ಜಾಗ ಬದಲಿಸಿ ಐದಾರು ಸಲ ಅಳೆಯಿರಿ.

ನಿಮಗೆ 0.08 ಮಿ.ಮೀ. ಬಂತು ಅಂದುಕೊಳ್ಳಿ. ಸಾಮಾನ್ಯ ಸ್ಕ್ರೂ ಗೇಜಿನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) 0.01 ಮಿ.ಮೀ. ಅಂದರೆ ಎಂಟರಲ್ಲಿ ಒಂದು ಪಾಲು ಅನುಮಾನ, ಸುಮಾರು ಶೇ. 12. ಉಪಕರಣ ಕೆಟ್ಟಿದೆ ಅಂತಲ್ಲ, ಇಷ್ಟು ಸಣ್ಣ ವಸ್ತುವಿಗೆ ಅದು ಸಾಲದು, ಅಷ್ಟೇ.

ಈಗ ಲೇಸರ್. ಒಂದು ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯದ್ದೇ ಇರಲಿ. ಕಿರಣ ಯಾರ ಕಣ್ಣಿಗೂ ಬೀಳಬಾರದು, ಹೊಳೆಯುವ ವಸ್ತುಗಳಿಗೆ ತಗುಲಿ ವಾಪಸ್ ಬರಲೂಬಾರದು. ರಟ್ಟಿನಲ್ಲಿ ಒಂದು ಕಿಂಡಿ ಕತ್ತರಿಸಿ ಕೂದಲನ್ನು ನೆಟ್ಟಗೆ, ಬಿಗಿಯಾಗಿ ಅಂಟಿಸಿ. ಗೋಡೆಯಿಂದ ಎರಡು ಮೀಟರ್ ದೂರದಲ್ಲಿಟ್ಟು, ದೀಪ ಆರಿಸಿ, ಕಿರಣ ಕೂದಲಿನ ಮೇಲೆ ಬೀಳುವಂತೆ ಮಾಡಿ. ಗೋಡೆಗೆ ಹಚ್ಚಿದ ಬಿಳಿ ಹಾಳೆಯ ಮೇಲೆ ನಡುವೆ ಒಂದು ಪ್ರಖರ ಚುಕ್ಕೆ, ಅದರ ಎಡಬಲಕ್ಕೆ ಸಾಲಾಗಿ ಮಸುಕಾಗುತ್ತಾ ಹೋಗುವ ಬೆಳಕಿನ ತುಂಡುಗಳು, ಅವುಗಳ ನಡುವೆ ಕತ್ತಲ ಗೆರೆಗಳು ಕಾಣುತ್ತವೆ. ಕೂದಲು ನಿಂತಿದ್ದರೆ ಈ ಸಾಲು ಅಡ್ಡಡ್ಡ ಮಲಗಿರುತ್ತದೆ. ಬೆಳಕು ಅಲೆಯಾಗಿರುವುದರಿಂದ ಕೂದಲಿನ ಅಂಚಿನಲ್ಲಿ ಬಾಗಿ ಹೀಗೆ ಹರಡುತ್ತದೆ. ಎಷ್ಟು ಸಲ ನೋಡಿದರೂ ಚಂದ!

ಕತ್ತಲ ಗೆರೆಗಳ ನಡುಮಧ್ಯಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಒಂದೊಂದೇ ಗೆರೆಯ ಅಂತರ ಅಳೆಯಲು ಹೋಗಬೇಡಿ. ಎಡಗಡೆಯ ಮೂರನೇ ಗೆರೆಯಿಂದ ಬಲಗಡೆಯ ಮೂರನೇ ಗೆರೆವರೆಗೆ ಒಟ್ಟಿಗೆ ಅಳೆದು 6ರಿಂದ ಭಾಗಿಸಿ, ಆಗ ಸ್ಕೇಲಿನ ಒಂದು ಮಿಲಿಮೀಟರ್ ಅನುಮಾನವೂ ಆರು ಪಾಲಾಗಿ ಹಂಚಿಹೋಗುತ್ತದೆ. ಬೆಳಕಿನ ತರಂಗಾಂತರವನ್ನು ಕೂದಲಿನಿಂದ ಗೋಡೆಗಿರುವ ದೂರದಿಂದ ಗುಣಿಸಿ, ಈ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಗುತ್ತದೆ. 650 ನ್ಯಾನೋಮೀಟರ್ ಲೇಸರ್, 2 ಮೀಟರ್ ದೂರ, ಒಟ್ಟು ಅಳತೆ 97 ಮಿ.ಮೀ. ಆದರೆ ದಪ್ಪ 0.080 ಮಿ.ಮೀ. ಲೇಸರಿನ ಮೇಲೆ ಬರೆದ ತರಂಗಾಂತರದಲ್ಲೂ ಒಂದಿಷ್ಟು ಆಚೀಚೆ ಇರಬಹುದು, ಅದನ್ನೂ ಸೇರಿಸಿ ರೆಕಾರ್ಡಿನಲ್ಲಿ 0.080 ± 0.002 ಮಿ.ಮೀ. ಅಂತ ಬರೆಯಿರಿ. ಕ್ಯಾಲ್ಕುಲೇಟರ್ ತೋರಿಸಿದ ಎಂಟು ಅಂಕಿಗಳನ್ನೂ ಇಳಿಸಿಕೊಂಡರೆ ನೀವು ಅಳೆಯದೇ ಇರುವುದನ್ನೂ ಅಳೆದೆ ಅಂದಂತಾಗುತ್ತದೆ.

ಇದು ಬಯಾಲಜಿಗೆ ದೂರದ್ದೇನಲ್ಲ. ಬೆಳಕು ಅಲೆ ಅಂತ ತೋರಿಸಿದ ಥಾಮಸ್ ಯಂಗ್ ವೃತ್ತಿಯಲ್ಲಿ ವೈದ್ಯರು. 1952ರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ತೆಗೆದ ಡಿಎನ್ಎಯ ಎಕ್ಸ್-ರೇ ಚಿತ್ರದ ಹಿಂದೆಯೂ ಇದೇ ತತ್ವ: ವಸ್ತು ಸಣ್ಣದಾದಷ್ಟೂ ಅಲೆ ಅಗಲವಾಗಿ ಹರಡುತ್ತದೆ.

ಕೊನೆಗೆ ಎರಡೂ ಉತ್ತರಗಳನ್ನು ± ಸಮೇತ ಅಕ್ಕಪಕ್ಕ ಇಟ್ಟು ನೋಡಿ. ಒಂದರ ವ್ಯಾಪ್ತಿ ಇನ್ನೊಂದರ ಒಳಗೆ ಸ್ವಲ್ಪವಾದರೂ ಬಂದರೆ ಸರಿ. ಬರಲಿಲ್ಲ ಅಂದರೆ ರೀಡಿಂಗ್ ಅಳಿಸಿ ತಿದ್ದಬೇಡಿ, ಅದು ಇದ್ದ ಹಾಗೇ ಇರಲಿ. ಮೊದಲು ಝೀರೋ ಎರರ್ ಚಿಹ್ನೆ ಉಲ್ಟಾ ಆಗಿದೆಯಾ ನೋಡಿ, ಆಮೇಲೆ ಎರಡು ಮೀಟರನ್ನು ಲೇಸರಿನಿಂದ ಅಳೆದಿರಾ ಅಥವಾ ಕೂದಲಿನಿಂದಲಾ ಅಂತ ನೋಡಿ. ಕೂದಲಿನಿಂದ ಗೋಡೆಗೆ ಅಳೆಯಬೇಕು.